ಏರ್‌ಬ್ಯಾಗ್ ಲೈಟ್ ಆರೋದೇ ಇಲ್ಲ: ಹಳೇ ಗಾಡಿಯವರು ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಕುಮಟಾ ಕಡೆ ಗಾಡಿ ವಯರಿಂಗ್ ಕೆಲಸ ಮಾಡೋನು. ಮಳೆಗಾಲ ಶುರುವಾಗಿ ಹದಿನೈದು ದಿನ ಆಯ್ತು ಅಂದ್ರೆ ಫೋನ್ ಬರೋಕೆ ಶುರು, "ಅಣ್ಣ, ಮೀಟರಲ್ಲಿ ಒಬ್ಬ ಮನುಷ್ಯ ಎದುರಿಗೆ ಚೆಂಡು ಇಟ್ಕೊಂಡು ಕೂತಿರೋ ಹಾಗೆ ಕೆಂಪು ಚಿತ್ರ ಬಂದಿದೆ, ಎಂತ ಅದು?" ಅಂತ. ಅಂಕೋಲಾದವರಿಗೆ ಒಂದ್ಸಲ, ಹೊನ್ನಾವರದವರಿಗೆ ಒಂದ್ಸಲ, ಶಿರಸಿಯವರಿಗೆ ಎರಡು ಸಲ ಅದನ್ನೇ ಹೇಳಿ ಹೇಳಿ ಬಾಯಿ ಒಣಗಿದೆ ಮಾರಾಯ್ರೆ. ಅದಕ್ಕೆ ಬರೆದೇ ಇಟ್ಟುಬಿಟ್ಟೆ. ಇನ್ನು ಯಾರಾದ್ರೂ ಕೇಳಿದ್ರೆ ಇದನ್ನೇ ಕಳ್ಸೋದು.

ಈ ಲೈಟ್ ಅಂದ್ರೆ ಎಂತ? ಯಾವಾಗ ತಲೆ ಕೆಡಿಸ್ಕೊಳ್ಬೇಕು?

ಕೀ ಆನ್ ಮಾಡಿದ ಕೂಡ್ಲೆ ಈ ಲೈಟ್ ಬರ್ಲೇಬೇಕು, ಬಂದ್ರೆ ಒಳ್ಳೇದು. ಏರ್‌ಬ್ಯಾಗ್ ಕಂಪ್ಯೂಟರ್ ತನ್ನ ವಯರು, ಸೆನ್ಸರು, ಬ್ಯಾಗು ಎಲ್ಲ ಸರಿ ಇದ್ಯಾ ಅಂತ ಒಂದು ಸುತ್ತು ನೋಡ್ಕೊಳ್ತದೆ, ಅದಕ್ಕೆ ನಾಲ್ಕರಿಂದ ಏಳು ಸೆಕೆಂಡ್ ಹಿಡೀತದೆ, ಆಮೇಲೆ ಲೈಟ್ ತಾನಾಗೇ ಆರ್ತದೆ. ಆರದೇ ಉಳಿದ್ರೆ, ಅಥವಾ ಆರಿ ಮತ್ತೆ ಬಂದ್ರೆ, ಅಥವಾ ಮಿಣಿಮಿಣಿ ಮಾಡ್ತಿದ್ರೆ ಎಲ್ಲೋ ಒಂದು ಕಡೆ ಫಾಲ್ಟ್ ಇದೆ ಅಂತ ಲೆಕ್ಕ. ಕೆಲವು ಗಾಡೀಲಿ ಚಿತ್ರದ ಬದಲು ಎಸ್‌ಆರ್‌ಎಸ್ ಅಂತ ಅಕ್ಷರ ಬರ್ತದೆ, ಎರಡೂ ಒಂದೇ.

ಇನ್ನೊಂದು, ಡ್ಯಾಶ್‌ಬೋರ್ಡ್ ನಡುವೆ "ಪ್ಯಾಸೆಂಜರ್ ಏರ್‌ಬ್ಯಾಗ್ ಆಫ್" ಅಂತ ಬರೋದು ಬೇರೆ ಲೈಟ್. ಕೆಲವು ಗಾಡೀಲಿ ಎಡಗಡೆ ಬಾಗಿಲು ತೆಗೆದ್ರೆ ಡ್ಯಾಶ್‌ಬೋರ್ಡ್ ಬದಿಗೆ ಕೀ ಹಾಕಿ ತಿರುಗ್ಸೋ ಸ್ವಿಚ್ ಇರ್ತದೆ, ಅದು ಆಫ್ ಆಗಿದ್ರೆ ಹಾಗೆ ಬರ್ತದೆ. ಅದು ರಿಪೇರಿ ಅಲ್ಲ, ಸ್ವಿಚ್ ತಿರುಗಿಸಿದ್ರೆ ಆಯ್ತು. ಅದನ್ನೇ ಹಿಡ್ಕೊಂಡು ಒಬ್ರು ಭಟ್ಕಳದಿಂದ ಬಂದಿದ್ರು, ಪಾಪ.

ಲೈಟ್ ಇಟ್ಕೊಂಡೇ ಗಾಡಿ ಓಡಿಸ್ಬಹುದಾ? ಹೋಗ್ತಾ ಹೋಗ್ತಾ ಬ್ಯಾಗ್ ಡಬ್ ಅಂತ ಬಿಚ್ಕೊಂಡುಬಿಟ್ರೆ?

ಎಲ್ಲರಿಗೂ ಇದೇ ಹೆದ್ರಿಕೆ, ಆದ್ರೆ ಆಗೋದು ಹೆಚ್ಚಾಗಿ ಇದರ ಉಲ್ಟಾ. ಲೈಟ್ ಇದ್ದಾಗ ಬಹಳಷ್ಟು ಗಾಡೀಲಿ ಕಂಪ್ಯೂಟರ್ ಏರ್‌ಬ್ಯಾಗನ್ನ ಪೂರ್ತಿ ಅಥವಾ ಸ್ವಲ್ಪ ಬಂದ್ ಮಾಡಿ ಇಡ್ತದೆ, ಅಂದ್ರೆ ಗುದ್ದಿದಾಗ ಬಿಚ್ಕೊಳ್ಳದೇ ಇರ್ಬಹುದು. ಗಾಡಿ ಓಡ್ಸೋಕೆ ಏನೂ ತೊಂದ್ರೆ ಇಲ್ಲ, ಇಂಜಿನ್ನಿಗೂ ಇದಕ್ಕೂ ಸಂಬಂಧ ಇಲ್ಲ, ಮೈಲೇಜ್ ಕಮ್ಮಿ ಆಗಲ್ಲ, ಅದಕ್ಕೇ ಜನ ವರ್ಷಗಟ್ಲೆ ಹಾಗೇ ಓಡಿಸ್ತಾರೆ.

ದೇವಿಮನೆ ಘಾಟಿ ಹತ್ತಿ ಶಿರಸಿಗೆ ಹೋಗಿ ಬರ್ಲಾ ಅಂತ ಕೇಳಿದ್ರೆ ಹೋಗಿ ಬನ್ನಿ ಅಂತೇನೆ, ಆದ್ರೆ ಬೆಲ್ಟ್ ಹಾಕಿ. ಬೆಲ್ಟ್ ಸರಿ ಇದ್ರೆ ಏರ್‌ಬ್ಯಾಗ್ ಇಲ್ದಿದ್ರೂ ಅರ್ಧ ಜೀವ ಉಳೀತದೆ, ಬೆಲ್ಟ್ ಇಲ್ದೆ ಏರ್‌ಬ್ಯಾಗ್ ಇದ್ರೆ ಅದೇ ಹೊಡ್ದು ಗಾಯ ಮಾಡ್ತದೆ. ಎಸ್‌ಆರ್‌ಎಸ್ ಅನ್ನೋ ಹೆಸರಲ್ಲೇ ಮೊದಲನೇ ಎಸ್‌ಗೆ "ಪೂರಕ" ಅಂತ ಅರ್ಥ, ಬೆಲ್ಟ್ ಇದೆ ಅಂತ ನಂಬ್ಕೊಂಡೇ ಅದನ್ನ ಮಾಡಿರೋದು. ಎನ್‌ಎಚ್ 66ರಲ್ಲಿ ದಿನಾ ಓಡಾಡೋರು ಮಾತ್ರ ರಿಪೇರಿ ಮುಂದಕ್ಕೆ ಹಾಕ್ಬೇಡಿ.

ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದ್ರೆ ಹೋಗ್ತದಂತೆ, ಹೌದಾ?

ಹೆಚ್ಚಿನ ಗಾಡೀಲಿ ಹೋಗಲ್ಲ. ಏರ್‌ಬ್ಯಾಗ್ ಕಂಪ್ಯೂಟರ್ ಫಾಲ್ಟನ್ನ ಬರೆದಿಟ್ಕೊಳ್ಳೋ ಜಾಗಕ್ಕೆ ಬ್ಯಾಟರಿ ಬೇಡ, ನೀವು ಬ್ಯಾಟರಿ ತೆಗೆದು ಪೇಟೆಗೆ ಹೋಗಿ ಚಾ ಕುಡಿದು ಬಂದ್ರೂ ಅದು ಅಲ್ಲೇ ಇರ್ತದೆ. ಲಾಭ ಆಗೋದು ರೇಡಿಯೋ ಸೆಟ್ಟಿಂಗ್ ಹಾರಿ ಹೋಗೋದು ಮಾತ್ರ.

ಆದ್ರೆ ಬ್ಯಾಟರಿಯೇ ಕಾರಣ ಆಗಿರೋ ಕೇಸ್ ಇರ್ತದೆ. ಆಷಾಢದಲ್ಲಿ ಗಾಡಿ ತೆಗೀದೇ ಒಂದು ತಿಂಗಳು ಶೆಡ್ಡಲ್ಲಿ ಬಿಟ್ಟು, ಚೌತಿಗೆ ಅಂತ ಸ್ಟಾರ್ಟ್ ಮಾಡಿದ್ರೆ ಗೊರ್ ಗೊರ್ ಅಂತದೆ, ಪಕ್ಕದ ಮನೆ ಜೀಪಿಂದ ವಯರ್ ಕೊಟ್ಟು ಎಬ್ಬಿಸ್ತಾರೆ, ಆಗ ವೋಲ್ಟೇಜ್ ಬಿದ್ದಿದ್ದಕ್ಕೆ ಲೈಟ್ ಬಂದು ಕೂರ್ತದೆ. ಹುಂಡೈಯಲ್ಲಿ ಇದಕ್ಕೆ ಬಿ1102 ಅಂತ ಬೇರೆ ಕೋಡೇ ಇದೆ, ಕೋಡ್ ಅಂದ್ರೆ ಕಂಪ್ಯೂಟರ್ ಒಂದೊಂದು ಫಾಲ್ಟಿಗೆ ಬರೆದಿಡೋ ನಂಬರ್. ಇಂಥದ್ದು ಆದ್ರೆ ಬ್ಯಾಟರಿ ಫುಲ್ ಚಾರ್ಜ್ ಮಾಡಿ, ಟರ್ಮಿನಲ್ ಮೇಲೆ ಹಸಿರು-ಬಿಳಿ ಹಿಟ್ಟು ಕೂತಿದ್ರೆ ಬಿಸಿನೀರು ಹಾಕಿ ತಿಕ್ಕಿ ಒಣಗಿಸಿ, ಅರ್ಥ್ ವಯರ್ ಟೈಟ್ ಮಾಡಿ, ಆಮೇಲೆ ಸ್ಕ್ಯಾನರ್ (ಕೋಡ್ ಓದಿ ಅಳಿಸೋ ಯಂತ್ರ) ಹಾಕಿ ಕೋಡ್ ಅಳಿಸಿ. ಮತ್ತೆ ಬರ್ಲಿಲ್ಲ ಅಂದ್ರೆ ಅಲ್ಲಿಗೆ ಮುಗೀತು.

ಆನ್‌ಲೈನಲ್ಲಿ ಬ್ಲೂಟೂತ್ ಸ್ಕ್ಯಾನರ್ ತರಿಸಿದ್ದೆ, "ನೋ ಫಾಲ್ಟ್" ಅಂತದೆ, ಲೈಟ್ ಮಾತ್ರ ಇದೆ

ಆ ನೀಲಿ ಡಬ್ಬಿ ಇಂಜಿನ್ ಕೋಡ್ ಓದ್ತದೆ, ಪಿ ಅಕ್ಷರದಿಂದ ಶುರು ಆಗೋದು. ಏರ್‌ಬ್ಯಾಗ್ ಕೋಡ್ ಬಿ ಅಕ್ಷರದ್ದು, ಅದು ಬೇರೆ ಕಂಪ್ಯೂಟರಲ್ಲಿ ಇರ್ತದೆ, ಅದರ ಜೊತೆ ಮಾತಾಡೋಕೆ ಆ ಕಂಪನಿಯ ಭಾಷೆ ಗೊತ್ತಿರೋ ಸ್ಕ್ಯಾನರ್ ಬೇಕು. ಕೆಲವು ಕಂಪನಿ ಗಾಡಿಗೆ ಬೇರೆ ಆ್ಯಪ್ ಹಾಕ್ಕೊಂಡ್ರೆ ಅದೇ ಡಬ್ಬೀಲೂ ಓದೋಕೆ ಆಗ್ತದೆ, ಎಲ್ಲದಕ್ಕೂ ಆಗಲ್ಲ. ಹಾಗಾಗಿ ಗ್ಯಾರೇಜಿಗೆ ಹೋಗೋ ಮೊದ್ಲು ಫೋನ್ ಮಾಡಿ ಒಂದೇ ಮಾತು ಕೇಳಿ, "ನನ್ನ ಈ ಗಾಡಿ, ಈ ವರ್ಷದ್ದು, ಏರ್‌ಬ್ಯಾಗ್ ಕೋಡ್ ನಿಮ್ಮ ಸ್ಕ್ಯಾನರಲ್ಲಿ ಓದ್ತದಾ?" ಓದಲ್ಲ ಅಂದ್ರೆ ಅಲ್ಲಿಗೆ ಹೋಗೋದು ಪೆಟ್ರೋಲ್ ದಂಡ.

ಕೋಡ್ ಓದಿಸ್ದೆ ಒಂದು ಸ್ಕ್ರೂ ಕೂಡ ಬಿಚ್ಚಿಸ್ಬೇಡಿ. ನಾನು ಇಷ್ಟು ಉದ್ದ ಬರೀತಿರೋದೇ ಇದೊಂದಕ್ಕೆ. ಒಬ್ಬ ಮಾಸ್ತರ್ರು ಮೂರು ಕಡೆ ತಿರುಗಿ ನನ್ನ ಹತ್ರ ಬಂದಿದ್ರು. ಮೊದಲನೇ ಕಡೆ ಸೆನ್ಸರ್ ಅಂದ್ರಂತೆ, ಎರಡನೇ ಕಡೆ ಸ್ಟೀರಿಂಗ್ ಬ್ಯಾಗೇ ಹೋಗಿದೆ ಅಂದ್ರಂತೆ, ಮೂರನೇ ಕಡೆ ಮಾಡ್ಯೂಲ್, ಅಂದ್ರೆ ಏರ್‌ಬ್ಯಾಗ್ ಕಂಪ್ಯೂಟರನ್ನೇ ಬದಲಾಯಿಸೇಬಿಟ್ರು, ದುಡ್ಡು ಹೋಯ್ತು, ಲೈಟ್ ಅಲ್ಲೇ ಇತ್ತು. ಮೂರೂ ಕಡೆ ಒಬ್ರೂ ಕೋಡ್ ಓದಿರ್ಲಿಲ್ಲ. ಓದಿದ್ರೆ ಡ್ರೈವರ್ ಸೀಟಿನ ಅಡಿ ಕನೆಕ್ಟರ್ ಅಂತ ಎರಡು ನಿಮಿಷಕ್ಕೆ ಗೊತ್ತಾಗ್ತಿತ್ತು.

ಕೋಡ್ ಕೂಡ ದೇವರ ಪ್ರಸಾದ ಏನಲ್ಲ ಮತ್ತೆ. ಹುಂಡೈಯಲ್ಲಿ ಬಿ1346 ಬಂದ್ರೆ ಡ್ರೈವರ್ ಏರ್‌ಬ್ಯಾಗ್ ದಾರೀಲಿ ರೆಸಿಸ್ಟೆನ್ಸ್ ಜಾಸ್ತಿ ಅಂತ ಅರ್ಥ, ಟೊಯೋಟಾದಲ್ಲಿ ಬಿ1801 ಬಂದ್ರೆ ಡ್ರೈವರ್ ಕಡೆ ಸರ್ಕ್ಯೂಟ್ ಓಪನ್. ಎರಡರಲ್ಲೂ ಅದು ಹೇಳೋದು ಯಾವ ದಾರಿ ಅಂತ ಮಾತ್ರ, ಆ ದಾರೀಲಿ ಕನೆಕ್ಟರ್ ಇದೆ, ಕ್ಲಾಕ್ ಸ್ಪ್ರಿಂಗ್ (ಸ್ಟೀರಿಂಗ್ ಹಿಂದಿನ ಸುತ್ತಿದ ಪಟ್ಟಿ, ಕೆಳಗೆ ಹೇಳ್ತೇನೆ) ಇದೆ, ಕೊನೇಲಿ ಬ್ಯಾಗ್ ಇದೆ, ಎಲ್ಲಿ ತುಂಡಾಗಿದೆ ಅಂತ ನಾವೇ ನೋಡ್ಬೇಕು. "ಏರ್‌ಬ್ಯಾಗ್ ಅಂತ ಕೋಡ್ ಬಂದಿದೆ, ಏರ್‌ಬ್ಯಾಗ್ ಬದಲಾಯ್ಸಿ" ಅನ್ನೋರ ಹತ್ರ ಹುಷಾರು.

ಲೈಟ್ ಜೊತೆಗೆ ಹಾರ್ನೂ ಹೋಗಿದೆ, ಸ್ಟೀರಿಂಗ್ ಮೇಲಿನ ವಾಲ್ಯೂಮ್ ಬಟನ್ನೂ ಕೆಲಸ ಮಾಡಲ್ಲ

ಹಾಗಾದ್ರೆ ನಂಗೆ ಗಾಡಿ ನೋಡೋದೇ ಬೇಡ, ನೂರಕ್ಕೆ ತೊಂಬತ್ತು ಕ್ಲಾಕ್ ಸ್ಪ್ರಿಂಗ್. ಸ್ಪೈರಲ್ ಕೇಬಲ್ ಅಂತಾನೂ ಹೇಳ್ತಾರೆ, ಎಂಆರ್‌ಎಫ್ ಟೈರ್ ಅಂಗಡಿ ಪಕ್ಕದ ಹುಡುಗರು "ಸ್ಟೀರಿಂಗ್ ಪಟ್ಟಿ" ಅಂತಾರೆ, ಎಲ್ಲ ಒಂದೇ ಸಾಮಾನು.

ಸ್ಟೀರಿಂಗ್ ತಿರುಗ್ತಾ ಇರ್ತದೆ, ಅದರ ಹಿಂದಿನ ಕಂಬ ತಿರುಗಲ್ಲ, ಹಾಗಿದ್ರೆ ನಡುವೆ ವಯರ್ ತಿರುಚಿ ತುಂಡಾಗದೇ ಇರೋದು ಹೇಗೆ? ಅದಕ್ಕೆ ಸ್ಟೀರಿಂಗ್ ಹಿಂದೆ ಒಂದು ಕರಿ ಪ್ಲಾಸ್ಟಿಕ್ ಡಬ್ಬಿ ಇಟ್ಟಿರ್ತಾರೆ, ಬಿಚ್ಚಿದ್ರೆ ಒಳಗೆ ಹಳೇ ಕ್ಯಾಸೆಟ್ ಟೇಪ್ ಹಾಗೆ ತೆಳ್ಳಗಿನ ಪಟ್ಟಿ ಸುತ್ತಿ ಇರ್ತದೆ, ಆ ಪಟ್ಟಿಯೊಳಗೆ ತಾಮ್ರದ ಎಳೆಗಳು. ಸ್ಟೀರಿಂಗ್ ಬಲಕ್ಕೆ ತಿರುಗಿಸಿದ್ರೆ ಸುತ್ತು ಬಿಗೀತದೆ, ಎಡಕ್ಕೆ ತಿರುಗಿಸಿದ್ರೆ ಸಡಿಲ ಆಗ್ತದೆ. ಹನ್ನೆರಡು ಹದಿಮೂರು ವರ್ಷ ಹೀಗೆ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಒಂದು ದಿನ ಮಡಿಕೆ ಬಿದ್ದಲ್ಲೇ ಎಳೆ ಬಿರುಕು ಬಿಡ್ತದೆ. ದಿನಾ ಘಾಟಿ ಹತ್ತಿ ಇಳಿಯೋ ಗಾಡಿಗೆ ಬೇಗ ಹೋಗ್ತದೆ ಅಂತ ನನ್ನ ಅಂದಾಜು, ಒಂದೊಂದು ತಿರುವಿಗೂ ಪೂರ್ತಿ ಸ್ಟೀರಿಂಗ್ ತಿರುಗ್ಸಬೇಕಲ್ಲ.

ಮೊದಮೊದಲು ಪೂರ್ತಿ ತುಂಡಾಗಲ್ಲ. ನೇರ ಹೋಗುವಾಗ ಲೈಟ್ ಇಲ್ಲ, ಗಾಡಿ ರಿವರ್ಸ್ ತೆಗೆದು ತಿರುಗಿಸುವಾಗ ಪಟ್ ಅಂತ ಬರ್ತದೆ. ಕಿವಿ ಕೊಟ್ರೆ ಸ್ಟೀರಿಂಗ್ ಒಳಗೆ ಒಣ ಎಲೆ ಉಜ್ಜಿದ ಹಾಗೆ ಸರಸರ ಶಬ್ದ. ಹಾಗೆ ಕೇಳಿದ್ರೆ ಪಟ್ಟಿ ಬದಿ ಸವೆದಿದೆ ಅಂತ ತಿಳ್ಕೊಳ್ಳಿ.

ಇನ್ನೊಂದು ಕಾರಣ ನಮ್ಮಂಥವರೇ. ಸ್ಟೀರಿಂಗ್ ರ್‍ಯಾಕ್ ಕೆಲಸಕ್ಕೆ ಅಂತ ಕಾಲಂ ಬಿಚ್ಚಿ ಇಟ್ಟಾಗ ಸ್ಟೀರಿಂಗ್ ಲಾಕ್ ಮಾಡದೇ ಬಿಟ್ರೆ, ಹುಡುಗ ಯಾರೋ ಆಟಕ್ಕೆ ನಾಲ್ಕು ಸುತ್ತು ತಿರುಗಿಸ್ತಾನೆ, ಪಟ್ಟಿ ಕಟ್. ಹೊಸದು ಹಾಕುವಾಗಲೂ ಮುಂದಿನ ಚಕ್ರ ನೇರ ಇಟ್ಟು, ಸ್ಪ್ರಿಂಗನ್ನ ಒಂದು ತುದಿವರೆಗೆ ಮೆಲ್ಲಗೆ ತಿರುಗಿಸಿ, ಆಮೇಲೆ ಅದರ ಮೇಲೆ ಬರೆದಷ್ಟು ಸುತ್ತು ವಾಪಸ್ ಬಂದು, ಬಾಣದ ಗುರ್ತು ಎದುರುಬದುರು ಕೂರಿಸ್ಬೇಕು. ಎರಡೂವರೆ ಸುತ್ತು ಅಂತ ಬಹಳಷ್ಟರಲ್ಲಿ ಇರ್ತದೆ, ಆದ್ರೆ ನಿಮ್ಮ ಗಾಡಿದು ಎಷ್ಟು ಅಂತ ಅದರ ಮೇಲೇ ಓದಿ. ಸೆಂಟರ್ ತಪ್ಪಿಸಿ ಹಾಕಿದ್ರೆ ಮೊದಲನೇ ಯೂ-ಟರ್ನ್‌ಗೇ ಹೊಸ ಸಾಮಾನು ಕಸ.

ಪಟ್ಟಿ ಬಿಚ್ಚಿ ಬೆಸುಗೆ ಹಾಕಿ ಕೊಡ್ತೇನೆ ಅನ್ನೋರು ಇದ್ದಾರೆ. ಹಾರ್ನಿಗಾದ್ರೆ ಮಾಡ್ಸಿ, ಏರ್‌ಬ್ಯಾಗ್ ಎಳೆಗೆ ಬೇಡವೇ ಬೇಡ.

ಸೀಟ್ ಹಿಂದೆ ಮುಂದೆ ಮಾಡಿದ್ಮೇಲೆ ಲೈಟ್ ಬಂತು

ಸೀಟಿನ ಅಡಿ ಟಾರ್ಚ್ ಬೆಳಕು ಬಿಟ್ಟು ನೋಡಿ, ಹಳದಿ ಬಣ್ಣದ ಕನೆಕ್ಟರ್ ಕಾಣ್ತದೆ. ಯಾವ ಕಂಪನಿ ಗಾಡಿ ಆದ್ರೂ ಏರ್‌ಬ್ಯಾಗಿಗೆ ಸೇರಿದ ವಯರು ಕನೆಕ್ಟರ್‌ಗೆ ಹಳದಿ ಬಣ್ಣ ಹಾಕೋದು ರೂಢಿ, ಕೈ ಹಾಕೋ ಮೊದ್ಲು ಯೋಚ್ನೆ ಮಾಡು ಅಂತ. ಸೈಡ್ ಏರ್‌ಬ್ಯಾಗ್ ಇರೋ ಗಾಡೀಲಿ, ಬೆಲ್ಟಿನ ಬಕಲ್ ಸ್ವಿಚ್ಚು, ಗುದ್ದಿದಾಗ ಬೆಲ್ಟ್ ಬಿಗಿಯೋ ಟೆನ್ಷನರ್ರು ಇರೋ ಗಾಡೀಲಿ ಈ ವಯರ್ ಸೀಟಿನ ಅಡಿಯೇ ಹೋಗ್ತದೆ. ಸೀಟ್ ಜರುಗಿದಾಗೆಲ್ಲ ಅದು ಎಳೀತದೆ. ನಮ್ಮ ಕಡೆ ಸೀಟಿನ ಅಡಿ ಎಂತೆಂತದೆಲ್ಲ ತುರುಕಿರ್ತಾರೆ ಅಂತ ನೋಡ್ಬೇಕು ನೀವು: ಕೊಡೆ, ಕತ್ತಿ, ನೀರಿನ ಬಾಟ್ಲಿ, ಮಗುವಿನ ಒಂದು ಚಪ್ಪಲಿ, ದೇವಸ್ಥಾನದಿಂದ ತಂದ ತೆಂಗಿನಕಾಯಿ. ಕೊಡೆ ಎಳೆಯುವಾಗ ಅದರ ಕಡ್ಡಿಗೆ ವಯರ್ ಸಿಕ್ಕಿ ಕನೆಕ್ಟರ್ ಅರ್ಧ ಬಿಚ್ಕೊಂಡಿದ್ದು ನಾನೇ ಎರಡು ಮೂರು ನೋಡಿದ್ದೇನೆ.

ಒಂದು ಗಾಡಿ ನೆನಪಲ್ಲಿದೆ. ಕಾರವಾರದ್ದು, ಕೆಎ-30, ಬಾಗಿಲು ತೆಗೆದ ಕೂಡ್ಲೆ ಮೀನಿನ ವಾಸನೆ. ಬೈತಖೋಲ್ ಬಂದರಿಂದ ಐಸ್ ಹಾಕಿದ ಬುಟ್ಟಿ ಹಿಂದಿನ ಸೀಟಿನ ಕಾಲಡಿ ಇಡೋರಂತೆ, ಐಸ್ ಕರಗಿ ಉಪ್ಪುನೀರು ಕಾರ್ಪೆಟ್ ಅಡಿ ಹರಿದು ಮುಂದಿನ ಸೀಟಿನ ಕನೆಕ್ಟರ್ ತನಕ ಬಂದಿದೆ. ಕನೆಕ್ಟರ್ ಬಿಚ್ಚಿದ್ರೆ ಒಳಗಿನ ಪಿನ್ ಹಸಿರಾಗಿ ಪಾಚಿ ಹಿಡಿದ ಹಾಗಿತ್ತು, ಒಂದು ಪಿನ್ ಮುಟ್ಟಿದ ಕೂಡ್ಲೆ ಉದುರಿತು. ಕ್ಲೀನ್ ಮಾಡಿದ್ರೆ ಆಗೋ ಕೇಸ್ ಅಲ್ಲ ಅದು, ಹೊಸ ಕನೆಕ್ಟರ್ ಹಾಕ್ಬೇಕಾಯ್ತು.

ನೀವು ಮನೇಲಿ ಮಾಡ್ಬಹುದಾದ್ದು ಇಷ್ಟೇ, ಕೀ ಆಫ್ ಇಟ್ಟು ಸೀಟಿನ ಅಡಿ ನೋಡಿ, ಎಲ್ಲಾದ್ರೂ ಸಾಮಾನು ಒತ್ತಿದ್ಯಾ, ವಯರ್ ಹಳಿಗೆ ಸಿಕ್ಕಿದ್ಯಾ ಅಂತ. ಕನೆಕ್ಟರ್ ಎಳೆದು ಚುಚ್ಚಿ ಮಾಡೋದು ಬೇಡ. ಕೀ ಆನ್ ಇದ್ದಾಗ ಬಿಚ್ಚಿದ್ರಂತೂ ಇರೋ ಕೋಡ್ ಜೊತೆ ಇನ್ನೊಂದು ಕೋಡ್ ಬೇರೆ ಸೇರ್ತದೆ.

ಮಳೆಗಾಲದಲ್ಲಿ ಮಾತ್ರ ಬರ್ತದೆ, ದೀಪಾವಳಿ ಹೊತ್ತಿಗೆ ತಾನಾಗೇ ಹೋಗ್ತದೆ. ಎಂತಕ್ಕೆ?

ನೀರು. ಬೇರೆ ಎಂತ ಇಲ್ಲ. ನಮ್ಮ ಕರಾವಳೀಲಿ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ, ಅದರ ಮೇಲೆ ಉಪ್ಪು ಗಾಳಿ. ಏರ್‌ಬ್ಯಾಗ್ ಕಂಪ್ಯೂಟರನ್ನ ಹೆಚ್ಚಿನ ಗಾಡೀಲಿ ಗೇರ್ ಲಿವರ್ ಹತ್ರ, ನಡುವಿನ ಕನ್ಸೋಲ್ ಅಡಿ, ನೆಲಕ್ಕೇ ಬೋಲ್ಟ್ ಹಾಕಿ ಕೂರಿಸಿರ್ತಾರೆ, ಗಾಡಿ ಗುದ್ದಿದ ಹೊಡೆತ ಅದಕ್ಕೆ ನೇರ ಗೊತ್ತಾಗ್ಲಿ ಅಂತ. ಹಾಗಾಗಿ ಕಾರ್ಪೆಟ್ ಅಡಿ ನೀರು ನಿಂತ್ರೆ ಮೊದಲ ಪೆಟ್ಟು ಅದಕ್ಕೇ.

ನೀರು ಎಲ್ಲಿಂದ ಬರ್ತದೆ ಅಂತ ಹುಡುಕಿ. ಎಸಿ ನೀರು ಹೊರಗೆ ಹೋಗೋ ಪೈಪಿಗೆ ಕಸ ಕಟ್ಟಿದ್ರೆ ಅದು ಒಳಗೇ ಬಸೀತದೆ, ಎಡಗಡೆ ಕಾಲಿಡೋ ಜಾಗ ಒದ್ದೆ ಇದ್ರೆ ಇದೇ ಅಂತ ಸಂಶಯ ಪಡಿ. ಗ್ಲಾಸಿನ ಕೆಳಗೆ, ವೈಪರ್ ಹತ್ರ, ಎಲೆ ಕೊಳೆತು ನೀರು ಹೋಗೋ ತೂತು ಮುಚ್ಚಿರ್ತದೆ, ಹಲಸಿನ ಮರದಡಿ ಗಾಡಿ ನಿಲ್ಸೋರಿಗೆ ಇದು ಖಾಯಂ. ಬಾಗಿಲಿನ ರಬ್ಬರ್ ಹಳೇದಾಗಿರ್ತದೆ. ಕಾರ್ಪೆಟ್ ಮೇಲೆ ಕೈ ಇಟ್ಟು ನೋಡಿದ್ರೆ ಸಾಲದು, ಅಡಿ ಸ್ಪಂಜ್ ಇರ್ತದೆ, ಅದನ್ನ ಒತ್ತಿ ನೋಡಿ. ಮೇಲೆ ಒಣಗಿ ಅಡಿ ಕೆರೆ ಇರ್ತದೆ.

ಇನ್ನೊಂದು ಜಾಗ ಮುಂದಿನ ಸೆನ್ಸರ್. ಇರೋ ಗಾಡೀಲಿ ಅದು ಬಂಪರ್ ಹಿಂದೆ, ರೇಡಿಯೇಟರ್ ಫ್ರೇಮ್ ಹತ್ರ ಇರ್ತದೆ. ಹೈವೇ ಹೊಂಡದ ಕೆಂಪು ನೀರೆಲ್ಲ ಅದರ ಮೇಲೇ. ಬೋಲ್ಟ್ ಕೂರೋ ಜಾಗ ತುಕ್ಕು ಹಿಡಿದು ಸಡಿಲ ಆಗ್ತದೆ, ಕನೆಕ್ಟರ್ ಒಳಗೆ ನೀರು ಹೋಗ್ತದೆ. ಬಿಸಿಲಿಗೆ ಒಣಗಿದ್ರೆ ಲೈಟ್ ಹೋಗ್ತದೆ, ನೀವು ಖುಷಿ ಪಡ್ತೀರಿ, ಒಳಗೆ ತುಕ್ಕು ತನ್ನ ಕೆಲಸ ಮಾಡ್ತಾನೇ ಇರ್ತದೆ. ಲೈಟ್ ಹೋದ್ರೂ ಹಳೇ ಕೋಡ್ ಮೆಮೊರೀಲಿ ಇರ್ತದೆ, ಹಾಗಾಗಿ ದೀಪಾವಳಿಗೆ ತೋರಿಸಿದ್ರೂ ಆಗ್ತದೆ, ಆದ್ರೆ ಒದ್ದೆ ಇದ್ದಾಗಲೇ ತಂದ್ರೆ ಹುಡುಕೋದು ಸುಲಭ.

ಡಬ್ಲ್ಯೂಡಿ-40 (ತುಕ್ಕು ಬಿಡ್ಸೋ ಸ್ಪ್ರೇ) ಹೊಡೀಲಾ ಅಂತ ಕೇಳ್ತಾರೆ. ಏರ್‌ಬ್ಯಾಗ್ ಕನೆಕ್ಟರ್ ಒಳಗೆ ಬೇಡ. ಪಿನ್ನಿಗೆ ಕಾಂಟ್ಯಾಕ್ಟ್ ಕ್ಲೀನರ್ ಅಂತ ಬೇರೆ ಬರ್ತದೆ, ಅದೂ ಬ್ಯಾಟರಿ ಬಿಚ್ಚಿ ಮಾಡೋ ಕೆಲಸ.

ಇಲಿ ಕಡಿದ್ರೆ ಈ ಲೈಟ್ ಬರ್ತದಾ?

ಬರ್ತದೆ. ಘಟ್ಟದ ಮೇಲಿನ ಗಿರಾಕಿಗಳದ್ದು ಅರ್ಧ ಇದೇ ಕತೆ. ಶಿರಸಿ ಸಿದ್ದಾಪುರ ಕಡೆ ಅಡಿಕೆ ಮೂಟೆ, ಹುಲ್ಲು, ಗಾಡಿ ಎಲ್ಲ ಒಂದೇ ಮಾಡಿನ ಅಡಿ. ಒಬ್ರು ಹೆಗಡೇರ ಗಾಡಿ, ಕೆಎ-31, ಕನ್ಸೋಲ್ ಬಿಚ್ಚಿದ್ರೆ ಮಾಡ್ಯೂಲ್ ಪಕ್ಕ ಬೆಚ್ಚಗೆ ಗೂಡು, ಸೀಟಿನ ಸ್ಪಂಜು, ಅಡಿಕೆ ಸಿಪ್ಪೆ, ಒಂದು ಮದುವೆ ಕರೆಯೋಲೆಯ ಚೂರು ಬೇರೆ. "ಭಾವ, ಇಲಿ ನಮ್ಮನೇಲಿ ಇಲ್ಯಲ" ಅಂತಿದ್ರು, ತೋರಿಸಿದ್ಮೇಲೆ ಸುಮ್ಮನಾದ್ರು.

ಕಡಿದ ವಯರನ್ನ ತಿರುಚಿ ಟೇಪ್ ಸುತ್ತಿದ್ರೆ ಬೇರೆ ಲೈಟಿಗೆ ನಡೀತದೆ, ಇದಕ್ಕೆ ನಡೆಯಲ್ಲ. ಈ ದಾರೀಲಿ ಕಂಪ್ಯೂಟರ್ ಒಂದೊಂದು ಓಮ್ ಲೆಕ್ಕ ಇಡ್ತದೆ, ಕಚ್ಚಾ ಜೋಡಣೆ ಇದ್ರೆ ಆರು ತಿಂಗಳಿಗೆ ಮತ್ತೆ ಲೈಟ್. ಆ ಭಾಗದ ಹಾರ್ನೆಸ್ (ವಯರಿನ ಕಟ್ಟು) ಪೂರ್ತಿ ಬದಲಾಯಿಸೋದು ಸರಿ ದಾರಿ.

ಲೈಟ್ ಬಂದಿದೆ, ಸ್ಕ್ಯಾನರ್ ಕನೆಕ್ಟೇ ಆಗ್ತಿಲ್ಲ ಅಂತಾರೆ

ಮೊದ್ಲು ಫ್ಯೂಸ್ ನೋಡ್ಸಿ. ಏರ್‌ಬ್ಯಾಗ್ ಫ್ಯೂಸ್ ಹೋದ್ರೆ ಕಂಪ್ಯೂಟರಿಗೇ ಕರೆಂಟ್ ಇಲ್ಲ, ಅದು ಎಲ್ಲಿಂದ ಮಾತಾಡ್ತದೆ? ಇದ್ದಷ್ಟೇ ಆಂಪಿಯರಿನ ಹೊಸ ಫ್ಯೂಸ್ ಹಾಕಿ, ಮತ್ತೆ ಸುಟ್ರೆ ಶಾರ್ಟ್ ಹುಡುಕ್ಬೇಕು. ತಾಮ್ರದ ತಂತಿ ಸುತ್ತಿದ್ರೆ ಮಾತ್ರ ನನ್ನ ಹತ್ರ ತರ್ಬೇಡಿ.

ನಂಗೂ ಸ್ವಲ್ಪ ವಯರಿಂಗ್ ಗೊತ್ತು, ಮಲ್ಟಿಮೀಟರ್ ಹಿಡಿದು ನಾನೇ ಚೆಕ್ ಮಾಡ್ಲಾ?

ಬೇಡ. ಇಲ್ಲಿ ನಾನು ತಮಾಷೆ ಮಾಡ್ತಿಲ್ಲ.

ಬ್ಯಾಗಿನ ಹಿಂದೆ ಗ್ಯಾಸ್ ಹುಟ್ಸೋ ಮದ್ದು ಇದೆ, ಅದಕ್ಕೆ ಕಿಡಿ ಕೊಡೋಕೆ ಒಂದು ಪುಟ್ಟ ತಂತಿ, ಸುಮಾರು 2 ಓಮ್ ಇರ್ತದೆ. ಅದರೊಳಗೆ 1.2 ಆಂಪಿಯರ್ ಕರೆಂಟ್ ಎರಡು ಮಿಲಿಸೆಕೆಂಡ್ ಹರಿದ್ರೆ ಸಾಕು, ಹೊತ್ಕೊಳ್ತದೆ. ನಮ್ಮ ಹಳೇ ವಯರಿಂಗ್ ರೂಢಿ ಎಂತ? ಒಂದು ಬಲ್ಬಿಗೆ ಎರಡು ವಯರ್ ಕಟ್ಟಿ ಕರೆಂಟ್ ಬರ್ತದಾ ಅಂತ ಚುಚ್ಚಿ ನೋಡೋದು. ಹಳದಿ ವಯರಿಗೆ ಹಾಗೆ ಮಾಡಿದ್ರೆ ಆ ಬಲ್ಬಿನ ಕರೆಂಟೇ ಸಾಕಾಗ್ಬಹುದು. ಮಲ್ಟಿಮೀಟರ್ ಕೂಡ ಓಮ್ ಅಳೆಯೋಕೆ ತನ್ನ ಬ್ಯಾಟರಿಯಿಂದ ಸ್ವಲ್ಪ ಕರೆಂಟ್ ಬಿಡ್ತದೆ, ಅದು ಚಿಕ್ಕದೇ, ಆದ್ರೂ ಬ್ಯಾಗಿಗೆ ಮೀಟರ್ ಹಿಡೀಬಾರ್ದು ಅಂತಲೇ ಕಂಪನಿಗಳ ಪುಸ್ತಕದಲ್ಲಿ ಬರೆದಿರ್ತದೆ. ಬ್ಯಾಗ್ ಪೂರ್ತಿ ಬಿಚ್ಕೊಳ್ಳೋಕೆ ಬೇಕಾಗಿದ್ದು 30ರಿಂದ 50 ಮಿಲಿಸೆಕೆಂಡ್, ಕಣ್ಣು ಮಿಟುಕ್ಸೋದಕ್ಕಿಂತ ಬೇಗ. ಎದುರಿಗೆ ಬಗ್ಗಿ ಕೂತಿರೋದು ನಿಮ್ಮ ಮುಖ.

ಗೊತ್ತಿರೋರು ಹೇಗೆ ಮಾಡ್ತಾರೆ ಅಂದ್ರೆ, ಬ್ಯಾಟರಿಯ ಮೈನಸ್ ಬಿಚ್ಚಿ ಕಾಯ್ತಾರೆ. ಮಾಡ್ಯೂಲ್ ಒಳಗೆ ಸ್ವಲ್ಪ ಹೊತ್ತು ಕರೆಂಟ್ ಹಿಡಿದಿಟ್ಕೊಳ್ಳೋ ಕೆಪಾಸಿಟರ್ ಇರ್ತದೆ, ಗುದ್ದಿದಾಗ ಬ್ಯಾಟರಿ ಕಿತ್ತು ಹೋದ್ರೂ ಬ್ಯಾಗ್ ಬಿಚ್ಚಬೇಕಲ್ಲ, ಅದಕ್ಕೆ. ಅದು ಖಾಲಿ ಆಗೋವರೆಗೆ ಕಾಯಬೇಕು, ಕೆಲವು ಕಂಪನಿ 90 ಸೆಕೆಂಡ್ ಅಂತದೆ, ಕೆಲವು ಮೂರು ನಿಮಿಷ, ನಾನು ಹತ್ತು ನಿಮಿಷ ಬಿಡ್ತೇನೆ, ನಂಗೆ ಅವಸರ ಇಲ್ಲ. ಆಮೇಲೆ ಬ್ಯಾಗ್ ಬಿಚ್ಚಿ ದೂರ ಇಟ್ಟು, ಅದರ ಜಾಗದಲ್ಲಿ 2 ಓಮ್ ಹತ್ತಿರದ ಒಂದು ಡಮ್ಮಿ ರೆಸಿಸ್ಟರ್ ಹಾಕಿ, ಬ್ಯಾಟರಿ ಕೊಟ್ಟು ಕೋಡ್ ನೋಡ್ತಾರೆ. ಕೋಡ್ ಹೋಯ್ತು ಅಂದ್ರೆ ವಯರ್ ಸರಿ ಇದೆ, ತಪ್ಪು ಬ್ಯಾಗಿಂದು. ಹೋಗ್ಲಿಲ್ಲ ಅಂದ್ರೆ ವಯರ್ ದಾರೀಲಿ. ಬಿಚ್ಚಿದ ಬ್ಯಾಗನ್ನ ಮುಚ್ಚಳ ಮೇಲೆ ಮಾಡಿ ಇಡಬೇಕು, ಬೋರಲು ಹಾಕಿ ಇಟ್ರೆ ಅಕಸ್ಮಾತ್ ಸಿಡಿದಾಗ ಅದೇ ಹಾರ್ತದೆ. ಹಿಡ್ಕೊಂಡು ಹೋಗುವಾಗ ಮುಚ್ಚಳದ ಕಡೆ ಮೈಯಿಂದ ಆಚೆ.

ಹಳದಿ ಕನೆಕ್ಟರ್ ಬಿಚ್ಚಿದ ಕೂಡ್ಲೆ ಒಳಗಿನ ಪುಟ್ಟ ತಗಡು ಎರಡೂ ಪಿನ್ ಸೇರಿಸಿ ಶಾರ್ಟ್ ಮಾಡ್ತದೆ, ಮೈಮೇಲಿನ ಸ್ಟ್ಯಾಟಿಕ್ ಕರೆಂಟಿಗೆ ಬ್ಯಾಗ್ ಸಿಡಿಬಾರ್ದು ಅಂತ. ಕೆಲವರು ಅದು ಬಗ್ಗಿದೆ ಅಂತ ಇಕ್ಕಳದಲ್ಲಿ ಕಿತ್ತು ಹಾಕಿರ್ತಾರೆ! ನೋಡಿದ್ರೆ ಎದೆ ಧಸಕ್ ಅಂತದೆ.

ಆಕ್ಸಿಡೆಂಟಲ್ಲಿ ಬ್ಯಾಗ್ ಬಿಚ್ಕೊಂಡಿತ್ತು, ಹೊಸ ಬ್ಯಾಗ್ ಹಾಕಿದ್ರೂ ಲೈಟ್ ಇದೆ

ಬ್ಯಾಗ್ ಒಂದೇ ಅಲ್ಲ. ಗುದ್ದಿದ ದಾಖಲೆ ಮಾಡ್ಯೂಲ್ ಒಳಗೆ ಕೂತಿರ್ತದೆ, ಬಹಳಷ್ಟು ಗಾಡೀಲಿ ಅದು ಸಾದಾ ಸ್ಕ್ಯಾನರಲ್ಲಿ ಅಳಿಸೋಕೆ ಬರಲ್ಲ, ಕಂಪನಿ ಹೇಳೋದು ಹೊಸ ಮಾಡ್ಯೂಲ್ ಹಾಕಿ ಅಂತ. ಜೊತೆಗೆ ಬೆಲ್ಟಿನ ಪ್ರಿಟೆನ್ಷನರ್ ಕೂಡ ಅದೇ ಹೊತ್ತಿಗೆ ಸಿಡಿದಿರ್ತದೆ, ಅದರಲ್ಲೂ ಮದ್ದೇ ಇರೋದು, ಒಂದೇ ಸಲ ಕೆಲಸ ಮಾಡೋದು. ಬೆಲ್ಟ್ ಎಳೆದ್ರೆ ಗಟ್ಟಿಯಾಗಿ ನಿಂತಿದ್ರೆ ಹೋಯ್ತು ಅಂತ ಲೆಕ್ಕ. ಬೆಲ್ಟ್ ಬದಲಾಯಿಸದೇ ಬ್ಯಾಗ್ ಮಾತ್ರ ಹಾಕಿ ಕೊಟ್ರೆ ಲೈಟ್ ಹೋಗಲ್ಲ, ಹೋಗ್ಬಾರ್ದು ಕೂಡ.

ಗುಜರಿ ಏರ್‌ಬ್ಯಾಗ್ ಹಾಕ್ಸೋದು ನಂಗೆ ಒಪ್ಪಿಗೆ ಇಲ್ಲ. ಯಾವ ಗಾಡಿದು, ನೀರಲ್ಲಿ ಮುಳುಗಿತ್ತಾ, ಯಾರಿಗೆ ಗೊತ್ತು.

ಸೆಕೆಂಡ್ ಹ್ಯಾಂಡ್ ತಗೊಂಡೆ, ಲೈಟ್ ಬರೋದೇ ಇಲ್ಲ. ಒಳ್ಳೇದಲ್ವಾ?

ಕೀ ಆನ್ ಮಾಡಿದಾಗಲೂ ಬರಲ್ವಾ? ಹಾಗಾದ್ರೆ ಒಳ್ಳೇದಲ್ಲ. ಒಂದೋ ಆ ಮಾಡೆಲಿಗೆ ಏರ್‌ಬ್ಯಾಗೇ ಇಲ್ಲ, ಅಥವಾ ಯಾರೋ ಬಲ್ಬ್ ಕಿತ್ತಿದ್ದಾರೆ. ನಮ್ಮ ದೇಶದಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರ ಜುಲೈ 1ರಿಂದ, ಪಕ್ಕದ ಸೀಟಿಗೆ 2021ರಲ್ಲಿ. ಅದಕ್ಕಿಂತ ಹಳೇ ಬೇಸ್ ಮಾಡೆಲಲ್ಲಿ ಇಲ್ಲದೇ ಇರೋದು ಮಾಮೂಲು. ಸ್ಟೀರಿಂಗ್ ನಡುವೆ ಎಸ್‌ಆರ್‌ಎಸ್ ಅಥವಾ ಏರ್‌ಬ್ಯಾಗ್ ಅಂತ ಬರೆದಿದ್ದು, ಮೀಟರಲ್ಲಿ ಲೈಟ್ ಬರದೇ ಇದ್ರೆ ಆಟ ಆಡಿದ್ದಾರೆ.

ಇನ್ನೂ ಹುಷಾರಿನವರು ಏರ್‌ಬ್ಯಾಗ್ ಲೈಟನ್ನ ಆಯಿಲ್ ಲೈಟಿಗೋ ಬ್ಯಾಟರಿ ಲೈಟಿಗೋ ಜೋಡಿಸಿರ್ತಾರೆ, ಇಂಜಿನ್ ಸ್ಟಾರ್ಟ್ ಆದ ಕೂಡ್ಲೆ ಎರಡೂ ಒಟ್ಟಿಗೆ ಆರ್ತವೆ. ಹಾಗಾಗಿ ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡ್ದೆ ಹತ್ತು ಎಣಿಸಿ. ಆಯಿಲ್ ಲೈಟ್ ಇರ್ತಾ ಏರ್‌ಬ್ಯಾಗ್ ಲೈಟ್ ಮಾತ್ರ ತಾನಾಗೇ ಆರಬೇಕು. ಡಮ್ಮಿ ರೆಸಿಸ್ಟರ್ ಕತೆ ಮೇಲೆ ಹೇಳಿದ್ನಲ್ಲ, ಅದನ್ನೇ ಖಾಯಂ ಒಳಗೆ ಬಿಟ್ಟು, ಬ್ಯಾಗ್ ಇಲ್ಲದ ಖಾಲಿ ಮುಚ್ಚಳ ಅಂಟಿಸಿ ಮಾರೋರೂ ಇದ್ದಾರೆ, ಆಗ ಲೈಟ್ ಸರಿಯಾಗೇ ಬಂದು ಆರ್ತದೆ. ಇದು ಹೊರಗಿಂದ ಗೊತ್ತಾಗಲ್ಲ, ಗೊತ್ತಿರೋರಿಂದ ಬಿಚ್ಚಿಸಿಯೇ ನೋಡ್ಬೇಕು.

ನೆರೆ ಗಾಡಿ ಇನ್ನೊಂದು. 2019ರ ಆಗಸ್ಟಲ್ಲಿ ಗಂಗಾವಳಿ ಉಕ್ಕಿದಾಗ ಎಷ್ಟು ಗಾಡಿ ನೀರಲ್ಲಿ ನಿಂತಿತ್ತು ಅಂತ ಅಂಕೋಲಾದವರಿಗೆ ನಾನು ಹೇಳ್ಬೇಕಾ. ಬೆಲ್ಟನ್ನ ಕೊನೇವರೆಗೆ ಎಳೆದು ನೋಡಿ, ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇದ್ರೆ ಗಾಡಿ ನೀರು ಕುಡಿದಿದೆ. ಸೀಟ್ ತೊಳೀತಾರೆ, ಕಾರ್ಪೆಟ್ ತೊಳೀತಾರೆ, ಬೆಲ್ಟಿನ ಬುಡ ಯಾರೂ ತೊಳೆಯಲ್ಲ.

ಲೈಟ್ ಸರಿಯಾಗಿ ಬಂದು ಆರ್ತದೆ. ಅಂದ್ರೆ ಬ್ಯಾಗ್ ಗ್ಯಾರಂಟಿ ಸರಿನಾ?

ವಯರಿಂಗ್ ಸರಿ. ಒಳಗಿನ ಮದ್ದು ಹೇಗಿದೆ ಅಂತ ಲೈಟಿಗೆ ಗೊತ್ತಾಗಲ್ಲ. ಟಕಾಟಾ ಅಂತ ಜಪಾನಿನ ಕಂಪನಿ ಇತ್ತು, ಹತ್ತಾರು ಕಾರ್ ಕಂಪನಿಗೆ ಏರ್‌ಬ್ಯಾಗ್ ಕೊಡ್ತಿತ್ತು. ಅದರ ಮದ್ದು ಅಮೋನಿಯಂ ನೈಟ್ರೇಟ್, ವರ್ಷಗಟ್ಲೆ ಸೆಕೆ ಮತ್ತು ತೇವ ತಿಂದ್ರೆ ಕೆಡ್ತದೆ, ಆಮೇಲೆ ಗುದ್ದಿದಾಗ ಬೇಕಾದ್ದಕ್ಕಿಂತ ಜೋರಾಗಿ ಸಿಡಿದು ಲೋಹದ ಚೂರು ಮುಖಕ್ಕೆ ಹಾರ್ತದೆ. ಜನ ಸತ್ತಿದ್ದಾರೆ. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್ (ಬ್ಯಾಗ್ ಉಬ್ಬಿಸೋ ಮದ್ದಿನ ಡಬ್ಬಿ) ವಾಪಸ್ ಕರೆದ್ರು, 2017ರಲ್ಲಿ ಕಂಪನಿ ದಿವಾಳಿ ಆಯ್ತು. ನಮ್ಮ ದೇಶದಲ್ಲೂ ಹೋಂಡಾ, ಟೊಯೋಟಾ ಹಳೇ ಗಾಡಿಗಳನ್ನ ಇದಕ್ಕೇ ಕರೆದು ಪುಕ್ಕಟೆ ಬದಲಾಯಿಸಿ ಕೊಟ್ಟಿದ್ದಾರೆ.

ಸೆಕೆ ಮತ್ತು ತೇವ ಅಂದೆ ನೋಡಿ. ಕಾರವಾರದಿಂದ ಭಟ್ಕಳದವರೆಗೆ ನಮಗೆ ಎರಡೂ ಧಾರಾಳ. ಅದಕ್ಕೆ 2015ಕ್ಕಿಂತ ಹಳೇ ಗಾಡಿ ಇರೋರು, ಅದರಲ್ಲೂ ಮೂರ್ನಾಲ್ಕು ಕೈ ದಾಟಿ ಬಂದ ಗಾಡಿ ಇರೋರು, ಆರ್‌ಸಿಯಲ್ಲಿರೋ 17 ಅಕ್ಷರದ ಚಾಸಿ ನಂಬರ್ ಹಿಡ್ಕೊಂಡು ಕಂಪನಿ ವೆಬ್‌ಸೈಟಲ್ಲಿ ಅಥವಾ ಶೋರೂಮಿಗೆ ಫೋನ್ ಮಾಡಿ ರೀಕಾಲ್ ಬಾಕಿ ಇದ್ಯಾ ಕೇಳಿ. ಕಾಗದ ಮೊದಲನೇ ಓನರ್ ಮನೆಗೆ ಹೋಗಿರ್ತದೆ, ನಿಮಗೆ ಬಂದಿರಲ್ಲ.

ಸ್ಟೀರಿಂಗ್ ಕವರ್, ಸೀಟ್ ಕವರ್, ಮುಂದಿನ ಗಾರ್ಡ್, ಇವುಗಳಿಂದ ತೊಂದ್ರೆ ಉಂಟಾ?

ಸ್ಟೀರಿಂಗಿನ ಸುತ್ತ ಹಾಕೋ ಕವರ್ ಪರ್ವಾಗಿಲ್ಲ. ಸೈಡ್ ಏರ್‌ಬ್ಯಾಗ್ ಇದ್ರೆ ಸೀಟಿನ ಬದೀಲಿ ಏರ್‌ಬ್ಯಾಗ್ ಅಂತ ಪುಟ್ಟ ಚೀಟಿ ಇರ್ತದೆ, ಅಂಥ ಸೀಟಿಗೆ ದಪ್ಪ ಕವರ್ ಬಿಗಿದು ಹೊಲಿಸ್ಬೇಡಿ. ಮುಂದಿನ ಕಬ್ಬಿಣದ ಗಾರ್ಡ್ ಗುದ್ದಿನ ಹೊಡೆತವನ್ನ ಸೆನ್ಸರಿಗೆ ಬೇರೆ ರೀತಿ ಮುಟ್ಟಿಸ್ತದೆ, ಅದಕ್ಕಿಂತ ಹೆಚ್ಚಾಗಿ ಅದು ಕಾನೂನಿಗೆ ವಿರುದ್ಧ ಅಂತ 2017ರ ಡಿಸೆಂಬರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಹೇಳಿದೆ.

ಎಡಗಡೆ ಡ್ಯಾಶ್‌ಬೋರ್ಡ್ ಮೇಲೆ, ಏರ್‌ಬ್ಯಾಗ್ ಮುಚ್ಚಳದ ಮೇಲೆಯೇ, ಗಣಪತಿ ಅಂಟಿಸಿರೋರು ಬಹಳ ಜನ. ಇಡಗುಂಜಿಗೆ ಹೋಗಿ ಬಂದವರೆಲ್ಲ ಅಲ್ಲೇ ಅಂಟಿಸೋದು. ಕೈ ಮುಗಿದು ಹೇಳ್ತೇನೆ, ನಡುವೆ ಎಸಿ ಕಿಂಡಿ ಹತ್ರ ಅಂಟಿಸಿ. ಬ್ಯಾಗ್ ಬಿಚ್ಚಿದ್ರೆ ಆ ಮೂರ್ತಿ ಬಂದು ಬಡಿಯೋದು ಪಕ್ಕದಲ್ಲಿ ಕೂತ ಅಮ್ಮನ ಹಣೆಗೆ.

ಚಿಕ್ಕ ಮಗುನ ಮುಂದೆ ತೊಡೆ ಮೇಲೆ ಕೂರಿಸ್ಕೊಂಡ್ರೆ?

ಬೇಡ, ಲೈಟ್ ಇದ್ರೂ ಬೇಡ, ಇಲ್ದಿದ್ರೂ ಬೇಡ. ಹಿಂದೆ ಮುಖ ಮಾಡೋ ಮಗುವಿನ ಸೀಟಂತೂ ಏರ್‌ಬ್ಯಾಗ್ ಇರೋ ಮುಂದಿನ ಸೀಟಲ್ಲಿ ಯಾವತ್ತೂ ಇಡಬಾರ್ದು. ಡ್ರೈವರ್ ಕೂಡ ಎದೆಗೂ ಸ್ಟೀರಿಂಗಿಗೂ ಒಂದು ಗೇಣಿಗಿಂತ ಜಾಸ್ತಿ, ಕಮ್ಮಿ ಅಂದ್ರೂ 25 ಸೆಂಟಿಮೀಟರ್ ಬಿಟ್ಟು ಕೂರಬೇಕು.

ನಂದು ಹಳೇ ಗಾಡಿ, ಏರ್‌ಬ್ಯಾಗೇ ಇಲ್ಲ. ಹೊರಗಡೆ ಹಾಕಿಸ್ಬಹುದಾ?

ಆಗಲ್ಲ. ಸ್ಟೀರಿಂಗು, ಕಾಲಂ, ಸೆನ್ಸರು, ಮಾಡ್ಯೂಲು, ವಯರಿಂಗು, ಬೆಲ್ಟು ಎಲ್ಲ ಆ ಗಾಡಿಗೇ ಅಂತ ಗುದ್ದಿ ಗುದ್ದಿ ಪರೀಕ್ಷೆ ಮಾಡಿ ಹೊಂದಿಸಿರ್ತಾರೆ. ಆ ದುಡ್ಡಲ್ಲಿ ನಾಲ್ಕು ಒಳ್ಳೇ ಟೈರ್ ಹಾಕ್ಸಿ, ಬ್ರೇಕ್ ಮಾಡ್ಸಿ.

ಕೊನೇದಾಗಿ, ಗ್ಯಾರೇಜಲ್ಲಿ ಎಂತ ಎಂತ ಕೇಳ್ಬೇಕು?

ಕೋಡ್ ಓದಿದ ಸ್ಕ್ರೀನಿನ ಫೋಟೋ ನಿಮ್ಮ ಮೊಬೈಲಲ್ಲೇ ತೆಗೀರಿ, ಅಳಿಸೋ ಮೊದ್ಲು. ಬಿಲ್ಲಲ್ಲಿ ಕೋಡ್ ನಂಬರ್ ಬರೆಸಿ. ಬದಲಾಯಿಸಿದ ಹಳೇ ಸಾಮಾನು ವಾಪಸ್ ಕೇಳಿ, ಆದ್ರೆ ಸಿಡಿಯದ ಹಳೇ ಬ್ಯಾಗನ್ನ ಮಾತ್ರ ಮನೆಗೆ ತಂದು ಅಟ್ಟದ ಮೇಲೆ ಹಾಕ್ಬೇಡಿ, ಅದು ಮದ್ದು. ಯಾವ ಸಾಮಾನು ಅಂತ ಖಾತ್ರಿ ಆಗೋವರೆಗೆ ಮಾಡ್ಯೂಲ್‌ಗೆ ಆರ್ಡರ್ ಹಾಕೋಕೆ ಬಿಡ್ಬೇಡಿ, ಅದೇ ಎಲ್ಲಕ್ಕಿಂತ ದುಬಾರಿ, ಕೊಟ್ಟ ಮೇಲೆ ವಾಪಸ್ ತಗೊಳ್ಳಲ್ಲ. ಗಾಡಿ ಕೈಗೆ ಬಂದ ಮೇಲೆ ಅಲ್ಲೇ ನಿಂತು ಕೀ ಆನ್ ಮಾಡಿ ಎಣಿಸಿ, ಆರಿತಾ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಸೀಟ್ ಹಿಂದೆ ಮುಂದೆ ಜರುಗಿಸಿ ನೋಡಿ, ಹಾರ್ನ್ ಹೊಡೀರಿ. ಮತ್ತೆ ಬಂತು ಅಂದ್ರೆ ದುಡ್ಡು ಕೊಡೋ ಮೊದ್ಲು ಹೇಳೋದು ಸುಲಭ. ನನ್ನ ಹತ್ರ ಬರೋರು ಮಧ್ಯಾಹ್ನ ಒಂದರಿಂದ ಮೂರು ಬಿಟ್ಟು ಬನ್ನಿ, ಊಟ ಮಾಡಿ ಮಲಗಿರ್ತೇನೆ.